ಜಡ್ಜರು ಗ್ರಾಮಸಭೆಗೆ ಬಂದು ಕೂತರೆ: ನಿಯಮಗಿರಿ ತೀರ್ಪಿನಿಂದ ನಮ್ಮ ಜಿಲ್ಲೆಗೆ ಏನುಂಟು?

ಕಾಳಿದಂಡೆ (ಕಾರವಾರ)

ನಿಯಮಗಿರಿ ಕೇಸಿನ ಹೆಸರು ಇಲ್ಲಿ ಬಹಳ ಜನ ಕೇಳಿರ್ತೀರಿ. ಒಡಿಶಾದ ಬೆಟ್ಟ, ಬಾಕ್ಸೈಟ್ ಗಣಿ, ಅಲ್ಲಿಯ ಬುಡಕಟ್ಟಿನ ಡೋಂಗ್ರಿಯಾ ಕೋಂಧರು. ಗ್ರಾಮಸಭೆಯನ್ನೇ ಕೇಳಿ ಅಂತ ಸುಪ್ರೀಂ ಕೋರ್ಟು ಹೇಳಿತು ಅನ್ನುವಷ್ಟು ನನಗೂ ಗೊತ್ತಿತ್ತು. ಮೊನ್ನೆ ತಿಳಿದದ್ದು ಇನ್ನೊಂದು: ಆ ಸಭೆಗಳಿಗೆ ಜಿಲ್ಲಾ ನ್ಯಾಯಾಧೀಶರೇ ಹೋಗಿ, ಜನರ ನಡುವೆ ಕೂತು, ನಡಾವಳಿಗೆ ಸಹಿ ಹಾಕಿ ಬಂದಿದ್ದರಂತೆ.

ನಮ್ಮ ಮೂಲಮನೆ ಹಳೇ ಸೂಪಾದಲ್ಲಿತ್ತು. ಈಗ ಅದರ ಮೇಲೆ ಕಾಳಿ ಅಣೆಕಟ್ಟಿನ ನೀರು. ಅಜ್ಜನಿಗೆ ನೋಟೀಸು ಬಂತು, ಪರಿಹಾರದ ಲೆಕ್ಕ ಬಂತು, ಎದ್ದು ಹೋಗಬೇಕಾದ ತಾರೀಖೂ ಬಂತು. ಕಟ್ಟಬಹುದೋ ಬೇಡವೋ ಅಂತ ಕೇಳಲಿಕ್ಕೆ ಮಾತ್ರ ಯಾರೂ ಬರಲಿಲ್ಲ. ಆಮೇಲೆ ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ. ನಮ್ಮ ಜಿಲ್ಲೆಯಲ್ಲಿ ನಿರಾಶ್ರಿತ ಅನ್ನೋದು ಒಂದು ಜಾತಿಯ ಹೆಸರಿನ ಹಾಗೆ ಆಗಿಬಿಟ್ಟಿದೆ.

ಕಾನೂನು ತಿಳಿದವರು ಹೇಳಿ. ಒಡಿಶಾದಲ್ಲಿ ಆದದ್ದು ಇಲ್ಲಿ ಆಗ್ತದಾ? ಜಡ್ಜರು ಬಂದು ಕೂತರೆ ಏನು ವ್ಯತ್ಯಾಸ?

ಶಿರಸಿ ವಕೀಲ

ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಬರೀತೇನೆ, ಪುರಸೊತ್ತು ಮಾಡಿಕೊಂಡು ಓದಿ.

ತೀರ್ಪು ಬಂದದ್ದು 2013ರ ಏಪ್ರಿಲ್ 18ಕ್ಕೆ. ಪೀಠದಲ್ಲಿ ಆಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯ್, ಬರೆದವರು ರಾಧಾಕೃಷ್ಣನ್. ಗಣಿ ಬೇಡ ಅಂತ ಆ ತೀರ್ಪಿನಲ್ಲಿ ಎಲ್ಲೂ ಇಲ್ಲ. ಕಾಡಿನಲ್ಲಿ ಬದುಕುವವರ ಹಕ್ಕು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಅಲ್ಲಿಯ ಜನರ ವೈಯಕ್ತಿಕ, ಸಮುದಾಯ ಮತ್ತು ಧಾರ್ಮಿಕ ಹಕ್ಕುಗಳ ವಿಚಾರವನ್ನು ಗ್ರಾಮಸಭೆ ನೋಡಬೇಕು, ಬೆಟ್ಟದ ದೇವರು ನಿಯಮರಾಜನ ಪೂಜೆಗೆ ಗಣಿಯಿಂದ ಧಕ್ಕೆ ಆಗ್ತದೋ ಅನ್ನೋದನ್ನೂ ಅದೇ ಸಭೆ ನೋಡಬೇಕು, ಮೂರು ತಿಂಗಳಲ್ಲಿ ಹೇಳಬೇಕು, ಅದನ್ನು ನೋಡಿಕೊಂಡು ಕೇಂದ್ರದ ಪರಿಸರ ಸಚಿವಾಲಯ ಎರಡು ತಿಂಗಳಲ್ಲಿ ತೀರ್ಮಾನ ಮಾಡಬೇಕು. ಇಷ್ಟೇ ಆದೇಶ.

ಅದರ ಜೊತೆಗೆ ಒಂದು ಕೊಂಡಿ. ಒಡಿಶಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯನ್ನು ವೀಕ್ಷಕರಾಗಿ ನೇಮಿಸಬೇಕು. ಸಭೆ ಸ್ವತಂತ್ರವಾಗಿ ನಡೆಯಿತು, ಕಂಪನಿಯದ್ದಾಗಲೀ ಕೇಂದ್ರ, ರಾಜ್ಯ ಸರ್ಕಾರಗಳದ್ದಾಗಲೀ ಒತ್ತಡ ಇರಲಿಲ್ಲ ಅಂತ ಪ್ರಮಾಣೀಕರಿಸಿ ಅವರು ನಡಾವಳಿಗೆ ಸಹಿ ಮಾಡಬೇಕು. ಈ ತೀರ್ಪಿನ ಬಗ್ಗೆ ಬರೆಯುವವರೆಲ್ಲ ದೇವರು, ಬೆಟ್ಟ, ಧರ್ಮಸ್ವಾತಂತ್ರ್ಯದ ಭಾಗವನ್ನೇ ಎತ್ತಿ ಹಿಡೀತಾರೆ. ಕೆಲಸ ಮಾಡಿದ್ದು ಈ ಸಹಿಯ ಸಾಲು ಅಂತ ನನ್ನ ಅಭಿಪ್ರಾಯ. ಜುಲೈ-ಆಗಸ್ಟ್ ಮಳೆಯಲ್ಲಿ ರಾಯಗಡ ಮತ್ತು ಕಾಲಾಹಾಂಡಿ ಜಿಲ್ಲೆಯ 12 ಹಳ್ಳಿಗಳಲ್ಲಿ ಸಭೆ ಆಯ್ತು. ಹನ್ನೆರಡೂ ಬೇಡ ಅಂದವು. 2014ರ ಜನವರಿಯಲ್ಲಿ ಸಚಿವಾಲಯ ಅನುಮತಿ ನಿರಾಕರಿಸಿತು. ಮತ್ತೊಮ್ಮೆ ಸಭೆ ಮಾಡಿಸಬೇಕು ಅಂತ ಒಡಿಶಾದ ಗಣಿ ನಿಗಮ 2016ರಲ್ಲಿ ಕೋರ್ಟಿಗೆ ಹೋಯ್ತು, ಕೋರ್ಟು ಒಪ್ಪಲಿಲ್ಲ. ನಡಾವಳಿಯಲ್ಲಿ ಜಡ್ಜರ ಸಹಿ ಇರುವಾಗ ಸಭೆ ಸರಿಯಾಗಿ ಆಗಲಿಲ್ಲ ಅಂತ ವಾದಿಸೋದು ಎಂಥವರಿಗೂ ಕಷ್ಟ.

ಹೊನ್ನಾವರ ಇಂಜಿನಿಯರ್

ಸುತ್ತಿ ಬಳಸಿ ಹೇಳಿದರೂ ಜಡ್ಜರು ಯೋಜನೆ ನಿಲ್ಲಿಸಿದ ಹಾಗೇ ಆಯ್ತಲ್ಲ ವಕೀಲರೇ. ಅವರನ್ನು ಆರಿಸಿ ಕಳಿಸಿದವರು ಯಾರು? ನಮ್ಮ ಜಿಲ್ಲೆಯಲ್ಲಿ ಒಂದು ದೊಡ್ಡ ಆಸ್ಪತ್ರೆ ಇಲ್ಲ, ತಲೆಗೆ ಪೆಟ್ಟು ಬಿದ್ದರೆ ಮಂಗಳೂರಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಎಲ್ಲದಕ್ಕೂ ಕಾಡು, ಎಲ್ಲದಕ್ಕೂ ಸಭೆ, ಎಲ್ಲದಕ್ಕೂ ಸ್ಟೇ. ಹನ್ನೆರಡು ಹಳ್ಳಿ ಬೇಡ ಅಂದರೆ ಇಡೀ ರಾಜ್ಯ ಕೈಕಟ್ಟಿ ಕೂರಬೇಕಾ?

ಶಿರಸಿ ವಕೀಲ

ಆಸ್ಪತ್ರೆಗೆ ಅಡ್ಡ ಬರೋದು ಈ ಕಾಯ್ದೆ ಅಲ್ಲ ಸ್ವಾಮಿ. ಇದೇ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ನೋಡಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಇಂಥ 13 ಕೆಲಸಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರಿನ ಒಳಗೆ ಅರಣ್ಯ ಜಮೀನು ಕೊಡಬಹುದು, ಹೆಕ್ಟೇರಿಗೆ 75 ಮರ ಮೀರಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ನೀವು ಹೇಳುವ ದೊಡ್ಡ ಆಸ್ಪತ್ರೆ ಅದರಲ್ಲಿ ಹಿಡಿಸಲಿಕ್ಕಿಲ್ಲ, ಒಪ್ಪಿದೆ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಧಾರಾಳ ಸಾಕು. ಇದನ್ನು ಬಳಸಿ ಕೆಲಸ ಮಾಡಿಸಿಕೊಂಡ ಪಂಚಾಯ್ತಿ ಎಷ್ಟುಂಟು ಅಂತ ವಿಚಾರಿಸಿ ನೋಡಿ.

ಜಡ್ಜರನ್ನು ಯಾರು ಆರಿಸಿದರು ಅನ್ನೋ ಪ್ರಶ್ನೆ ಸರಿಯೇ. ಅದಕ್ಕೇ ನಿಯಮಗಿರಿಯಲ್ಲಿ ಅವರು ತಾವು ಹೌದು, ಅಲ್ಲ ಅನ್ನಲಿಲ್ಲ. 2006ರ ಕಾಯ್ದೆ ಮಾಡಿದ್ದು ಸಂಸತ್ತು. ಸಂಸತ್ತು ಯಾರನ್ನು ಕೇಳಬೇಕು ಅಂದಿದೆಯೋ ಅವರನ್ನು ಕೇಳಿ ಬನ್ನಿ ಅಂದರು.

ಆ 12 ಹಳ್ಳಿಗಳ ಮೇಲೆ ನಿಜವಾದ ಆಕ್ಷೇಪ ಬೇರೇ ಇತ್ತು. ಬೆಟ್ಟದ ಸುತ್ತ ನೂರಕ್ಕೂ ಹೆಚ್ಚು ಊರು ಇರುವಾಗ ಬರೇ ಹನ್ನೆರಡನ್ನು ಆರಿಸಿದ್ದು ರಾಜ್ಯ ಸರ್ಕಾರ. ಯಾರನ್ನು ಕೇಳಬೇಕು ಅಂತ ಆರಿಸೋ ಕೈಯಲ್ಲಿ ಅರ್ಧ ಉತ್ತರ ಇರ್ತದೆ. ಅದನ್ನು ಕೋರ್ಟು ಸರ್ಕಾರಕ್ಕೆ ಬಿಟ್ಟದ್ದು ನನಗೆ ಇವತ್ತಿಗೂ ಸರಿ ಕಾಣೋದಿಲ್ಲ.

ಬೈತಖೋಲ್ ಬೋಟು

ಎಲ್ಲಾ ಸರಿ ಮಾರಾಯ್ರೆ. ಕಾಡಿದ್ದವರಿಗೆ ಕಾಯ್ದೆ ಉಂಟು. ಸಮುದ್ರಕ್ಕೆ ಯಾವ ಗ್ರಾಮಸಭೆ? ಬಂದರು ಅಂತಾರೆ, ತಡೆಗೋಡೆ ಅಂತಾರೆ, ಬಲೆ ಬೀಸೋ ಜಾಗಕ್ಕೆ ಕಲ್ಲು ತಂದು ಸುರೀತಾರೆ. 2020ರ ಜನವರಿಯಲ್ಲಿ ಟಾಗೋರ್ ಬೀಚಿನ ಮೇಲೆ ಬಂದರು ವಿಸ್ತರಣೆ ವಿರುದ್ಧ ಕೂತಾಗ ನಮ್ಮ ಕೈಯಲ್ಲಿ ಯಾವ ಹಕ್ಕುಪತ್ರ ಇತ್ತು? ಹರಿಕಾಂತ್ರ, ಖಾರ್ವಿ, ಅಂಬಿಗರಿಗೆ ಮೂರು ತಲೆಮಾರಿನ ಸಾಕ್ಷಿ ಕೇಳೋರೂ ಇಲ್ಲ, ಕೊಡೋರೂ ಇಲ್ಲ. ಸಮುದ್ರಕ್ಕೆ ಸರ್ವೆ ನಂಬರ್ ಎಲ್ಲಿಂದ ತರೋಣ?

ಜೋಯಿಡಾ ಮಾಸ್ತರ

ಬೋಟಣ್ಣ, ಕಾಯ್ದೆ ಇದ್ದವರ ಕಥೆ ಕೇಳಿ, ಆಮೇಲೆ ಹೊಟ್ಟೆಕಿಚ್ಚು ಪಡಿ.

ನಮ್ಮ ಕಡೆ ಕುಣಬಿಗಳು. ಗೆಡ್ಡೆ ಗೆಣಸು, ಭತ್ತ, ಕಾಡಿನೊಳಗೆ ಹತ್ತು ಹದಿನೈದು ಮನೆಯ ಊರು. ಹಿಂದೆ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಮಾಡಿಕೊಂಡಿದ್ದವರು, ಬ್ರಿಟಿಷರ ಕಾಲಕ್ಕೆ ಅದಕ್ಕೆ ಕಡಿವಾಣ ಬಿತ್ತು. ಗಡಿಯಾಚೆ ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ನಮ್ಮ ಜಿಲ್ಲೆಯ ಸಿದ್ದಿಗಳು ಪಟ್ಟಿಗೆ ಸೇರಿದ್ದೂ ಅದೇ 2003ರಲ್ಲಿ. ಇಲ್ಲಿಯ ಕುಣಬಿ ಇನ್ನೂ ಮನವಿ ಕೊಡ್ತಾ ಇದ್ದಾನೆ. ಅಣ್ಣನ ಮಗಳನ್ನು ಗೋವಾ ಬದಿಗೆ ಕೊಟ್ಟಿರ್ತಾರೆ, ಅಲ್ಲಿಯ ಮನೆಯವರು ಬುಡಕಟ್ಟು, ಇಲ್ಲಿಯ ಅಣ್ಣ ಅಲ್ಲ.

ಇದರಿಂದ ಏನಾಗ್ತದೆ ಅಂದರೆ ಅರಣ್ಯ ಹಕ್ಕಿನಲ್ಲಿ ಇವರು 'ಇತರೆ ಪಾರಂಪರಿಕ ಅರಣ್ಯವಾಸಿ' ಆಗ್ತಾರೆ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ರ ಮೊದಲಿನ ಸಾಗುವಳಿ ತೋರಿಸಿದರೆ ಆಯ್ತು. ಇವರಿಗೆ ಅದರ ಮೇಲೆ ಮೂರು ತಲೆಮಾರು, ಅಂದರೆ 75 ವರ್ಷ. 1930ರ ಕಾಗದ ಯಾರ ಮನೆಯಲ್ಲಿ ಉಳಿದಿರ್ತದೆ? ಗೆದ್ದಲು ತಿಂದದ್ದು ಗೆದ್ದಲಿಗೆ, ಮಳೆ ತಿಂದದ್ದು ಮಳೆಗೆ.

ಇದಕ್ಕೆ ಒಬ್ಬ ಜಡ್ಜರು ಏನು ಮಾಡಬಹುದು, ವಕೀಲರು ಹೇಳಲಿ.

ಶಿರಸಿ ವಕೀಲ

ಮಾಸ್ತರೇ, ಎರಡು ಭಾಗ ಮಾಡಿ ಹೇಳ್ತೇನೆ. ಒಂದರಲ್ಲಿ ಜಡ್ಜರ ಕೈ ಕಟ್ಟಿದೆ, ಒಂದರಲ್ಲಿ ಪೂರ್ತಿ ಬಿಚ್ಚಿದೆ.

ಪಟ್ಟಿಗೆ ಸೇರಿಸೋದು ಯಾವ ಕೋರ್ಟಿಂದಲೂ ಆಗೋದಿಲ್ಲ. ಸಂವಿಧಾನದ 342ನೇ ವಿಧಿ. ರಾಷ್ಟ್ರಪತಿಗಳ ಆದೇಶ, ಅದನ್ನು ಬದಲಿಸಲಿಕ್ಕೆ ಸಂಸತ್ತು. ಮಹಾರಾಷ್ಟ್ರದ ಮಿಲಿಂದ್ ಕೇಸಿನಲ್ಲಿ 2000ದ ನವೆಂಬರಿನಲ್ಲಿ ಸಂವಿಧಾನ ಪೀಠ ಇದನ್ನು ಖಡಾಖಂಡಿತ ಹೇಳಿ ಮುಗಿಸಿದೆ: ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಓದಬೇಕು, ಇದೂ ಅದೂ ಒಂದೇ ಜಾತಿ ಅಂತ ಕೋರ್ಟಿನಲ್ಲಿ ಸಾಕ್ಷಿ ನಡೆಸಿ ಸೇರಿಸುವ ಹಾಗಿಲ್ಲ. ಕುಣಬಿ, ಹಾಲಕ್ಕಿಗಳ ಬೇಡಿಕೆ ರಾಜಕೀಯದಿಂದಲೇ ತೀರಬೇಕು. ಸುಕ್ರಿ ಬೊಮ್ಮಗೌಡರಿಗೂ ತುಳಸಿ ಗೌಡರಿಗೂ ಪದ್ಮಶ್ರೀ ಬಂತು, ಇಬ್ಬರೂ ತೀರಿಕೊಂಡರು, ಹಾಲಕ್ಕಿಗಳಿಗೆ ಪಟ್ಟಿಯಲ್ಲಿ ಜಾಗ ಬರಲಿಲ್ಲ.

ಇನ್ನೊಂದು ಭಾಗ, ಅರ್ಜಿ ತಿರಸ್ಕಾರ. ಇಲ್ಲಿ ಕೋರ್ಟು ಬಹಳ ಮಾಡಬಹುದು. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮದಲ್ಲಿ ಸಾಕ್ಷ್ಯ ಯಾವುದು ಅಂತ ಪಟ್ಟಿ ಇದೆ. ಸರ್ಕಾರಿ ದಾಖಲೆ ಅದರಲ್ಲಿ ಒಂದು ಬಗೆ, ಅಷ್ಟೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯ. ಇಂಥದೇ ಕಾಗದ ಬೇಕು ಅಂತ ಹಟ ಹಿಡಿದು ಅರ್ಜಿ ತಳ್ಳುವ ಹಾಗಿಲ್ಲ ಅಂತ 2012ರ ತಿದ್ದುಪಡಿ ನಿಯಮದಲ್ಲಿ ಬಂದಿದೆ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ, ಅದೊಂದನ್ನೇ ಹಿಡಿದು ತೀರ್ಮಾನ ಮಾಡುವ ಹಾಗಿಲ್ಲ. ತಿರಸ್ಕಾರಕ್ಕೆ ಕಾರಣ ಬರೆದು ತಿಳಿಸಬೇಕು, 60 ದಿನದಲ್ಲಿ ಮೇಲ್ಮನವಿಗೆ ಅವಕಾಶ ಇರಬೇಕು. 75 ವರ್ಷದ ವಿಚಾರದಲ್ಲೂ ಕೇಂದ್ರದ ಬುಡಕಟ್ಟು ಸಚಿವಾಲಯದ ವಿವರಣೆ ಇದೆ: ಕೇಳೋದು ಆ ಸೀಮೆಯಲ್ಲಿ ಕುಟುಂಬದ ವಾಸ, ಆ ತುಂಡು ಜಮೀನಿನ 75 ವರ್ಷದ ಸಾಗುವಳಿ ಅಲ್ಲ.

ಇದನ್ನೆಲ್ಲ ಮಾಡದೆ 'ದಾಖಲೆ ಸಾಲದು' ಅಂತ ಒಂದೇ ಸಾಲಿನ ಸೀಲು ಹೊಡೆದು ಕಳಿಸಿದ್ದರೆ ಅದು ಧಾರವಾಡ ಪೀಠದ ಎದುರು ನಿಲ್ಲಬಾರದು. ಅರ್ಜಿದಾರನಿಗೆ ಜಮೀನು ಕೊಡಿ ಅಂತ ಹೈಕೋರ್ಟು ಹೇಳದೇ ಇರಬಹುದು, ವಾಪಸು ಕಳಿಸಿ ಸರಿಯಾಗಿ ಕೇಳಿ ಅಂತ ಹೇಳ್ತದೆ.

ಹೊನ್ನಾವರ ಇಂಜಿನಿಯರ್

ವಾಪಸು ಕಳಿಸಿದರೆ ಅದೇ ಸಮಿತಿ, ಅದೇ ಗುಮಾಸ್ತ. ಇನ್ನೈದು ವರ್ಷ.

ಶಿರಸಿ ವಕೀಲ

ಹೌದು. ಅದಕ್ಕೆ ನನ್ನಲ್ಲೂ ಉತ್ತರ ಇಲ್ಲ.

ಬೆಟ್ಟದಂಚಿನ ಸಿದ್ದಿ

ನಾನು ಇಲ್ಲಿ ಓದೋದೇ ಹೆಚ್ಚು, ಬರೆಯೋದು ಕಡಿಮೆ. ಊರಿನ ಹೆಸರು ಬೇಡ.

ಗ್ರಾಮಸಭೆ ಅಂತ ದೊಡ್ಡದಾಗಿ ಮಾತಾಡ್ತಾ ಇದ್ದೀರಿ, ಅಲ್ಲಿ ಏನಾಗ್ತದೆ ಅಂತ ಹೇಳ್ತೇನೆ. ಮೊದಲು ಹಾಜರಿ. ಬಂದವರೆಲ್ಲ ಠರಾವು ಪುಸ್ತಕದಲ್ಲಿ ಸಹಿ ಮಾಡಬೇಕು, ಬರೆಯಲು ಬಾರದವರು ಹೆಬ್ಬೆಟ್ಟು. ಆಮೇಲೆ ಚಹಾ, ಅವಲಕ್ಕಿ. ಆಮೇಲೆ ಒಬ್ಬರು ಪುಸ್ತಕದ ಕನ್ನಡದಲ್ಲಿ ಏನೋ ಓದ್ತಾರೆ. ನಮ್ಮ ಮನೆಮಾತು ಕೊಂಕಣಿ ಬೆರೆತದ್ದು, ಮುದುಕಿಯರಿಗೆ ಆ 'ಸದರಿ' 'ಮೇರೆಗೆ' ಯಾವುದೂ ತಲೆಗೆ ಹೋಗೋದಿಲ್ಲ. ಎಲ್ಲರೂ ತಲೆ ಆಡಿಸ್ತಾರೆ. ಠರಾವು ಆ ಮೇಲೆ, ಪುರಸೊತ್ತಿನಲ್ಲಿ ಬರೆಯೋದು.

ಒಂದು ಸಲ ಕಾನೂನು ಅರಿವು ಶಿಬಿರಕ್ಕೆ ತಾಲೂಕಿನಿಂದ ಜಡ್ಜಮ್ಮ ಬಂದಿದ್ದರು. ಭಾಷಣ ಮುಗಿಸಿ ಹೋಗಬಹುದಿತ್ತು. ನಮ್ಮ ಅರಣ್ಯ ಹಕ್ಕು ಸಮಿತಿಯ ಪುಸ್ತಕ ಉಂಟಾ ಅಂತ ಕೇಳಿದರು. ತಂದು ಕೊಟ್ಟೆವು. ಒಂದು ಪುಟ ತೆಗೆದು ಸುಮಾರು ಹೊತ್ತು ನೋಡಿದರು. ಆ ಪುಟದಲ್ಲಿ ಠರಾವಿನ ಅಕ್ಷರ ಮೇಲೆ ದುಂಡಗೆ ದೊಡ್ಡದು, ಕೆಳಗೆ ಬರ್ತಾ ಬರ್ತಾ ಸಣ್ಣ ಆಗಿ, ಸಾಲು ಒತ್ತೊತ್ತಾಗಿ, ಕೊನೇ ಸಾಲಿನ ಬಾಲ ಮೊದಲ ಹೆಬ್ಬೆಟ್ಟಿನ ಮೇಲೆ ಹತ್ತಿತ್ತು. ಶಾಯಿಯೂ ಬೇರೆ. ಅವರು ಬೆರಳಿಟ್ಟು ಕೇಳಿದರು, 'ಸಹಿ ಮೊದಲೋ ಬರಹ ಮೊದಲೋ?' ಯಾರೂ ಮಾತಾಡಲಿಲ್ಲ. ನಮ್ಮ ಅಜ್ಜಿ ಮಾತ್ರ ಹಿಂದಿನಿಂದ, 'ಸಹಿ ಮೊದಲು, ಚಾ ಆಮೇಲೆ' ಅಂದಳು. ಎಲ್ಲ ನಕ್ಕರು, ಅವರು ನಗಲಿಲ್ಲ.

'ಇದು ನನ್ನ ಮುಂದೆ ಕೇಸಾಗಿ ಬಂದದ್ದಲ್ಲ, ನಾನು ಆದೇಶ ಮಾಡುವ ಹಾಗಿಲ್ಲ' ಅಂದರು. ಆದರೆ ಮುಂದಿನ ಸಭೆಯಿಂದ ಠರಾವು ಬರೆದು, ನಿಮ್ಮ ಮಾತಿನಲ್ಲೇ ಓದಿ ಹೇಳಿಸಿ, ಬೇಡ ಅಂದವರ ಹೆಸರನ್ನೂ ಬರೆಸಿ, ಆಮೇಲೆ ಸಹಿ ಮಾಡಿ, ಮಾಡೋ ಮೊದಲು ಖಾಲಿ ಜಾಗಕ್ಕೆ ಅಡ್ಡಗೀಟು ಎಳೆಸಿ ಅಂತ ಹೇಳಿ ಹೋದರು. ಈಗ ನಮ್ಮೂರಲ್ಲಿ ಅಡ್ಡಗೀಟು ಎಳೆಯೋ ಕೆಲಸ ನಂದು. ಬೈಗುಳವೂ ನಂಗೇ.

ಕಾಳಿದಂಡೆ

ತಂಗಿ, ನಾನು ಕೇಳಿದ್ದಕ್ಕೆ ಇದೇ ಉತ್ತರ. ಒಡಿಶಾದಲ್ಲಿ ಕೋರ್ಟು ಸಹಿ ಹಾಕಿಸಿದ್ದು ಯಾಕೆ ಅಂತ ಈಗ ತಿಳಿಯಿತು.

ಕುಮಟಾದಿಂದ ಕೆನಡಾಕ್ಕೆ

ಊರು ಬಿಟ್ಟು ಬಹಳ ವರ್ಷ ಆಯ್ತು, ಕನ್ನಡ ಬರೆಯೋ ಆಸೆಗೆ ಬಂದೆ. ಇಲ್ಲಿ ಮೂಲನಿವಾಸಿಗಳ ಕೇಸು ಪೇಪರಿನಲ್ಲಿ ಸದಾ ಇರ್ತದೆ. ಬೋಟಣ್ಣನ ಸಮುದ್ರದ ಪ್ರಶ್ನೆಗೆ ಹೊಂದುವ ಒಂದು ಕೇಸು ಹೇಳ್ತೇನೆ.

ಕ್ಲೈಡ್ ರಿವರ್ ಅಂತ ಉತ್ತರ ಧ್ರುವದ ಹತ್ತಿರ ಒಂದು ಸಣ್ಣ ಊರು, ನುನಾವುಟ್ ಪ್ರಾಂತ್ಯ. ಇನುಯಿಟ್ ಜನ. ತಿಮಿಂಗಿಲ, ಸೀಲ್ ಹಿಡಿದು ಬದುಕುವವರು. ಸಮುದ್ರದ ತಳದಲ್ಲಿ ತೈಲ ಉಂಟಾ ಅಂತ ಹುಡುಕಲು ನೀರಿನಲ್ಲಿ ಭಾರೀ ಸದ್ದು ಮಾಡುವ ಸರ್ವೆಗೆ ಕಂಪನಿಗಳು ಇಂಧನ ಮಂಡಳಿಯ ಅನುಮತಿ ಕೇಳಿದವು. ಐದು ವರ್ಷದ ಕೆಲಸ. ಜನ ಸಭೆಯಲ್ಲಿ ಕೇಳಿದ್ದು ಒಂದೇ ಮಾತು, ಈ ಸದ್ದಿಗೆ ನಮ್ಮ ಪ್ರಾಣಿಗಳಿಗೆ ಏನಾಗ್ತದೆ? ಬಂದವರಿಗೆ ಉತ್ತರ ಕೊಡಲು ಆಗಲಿಲ್ಲ. ತಿಂಗಳುಗಳಾದ ಮೇಲೆ ಉತ್ತರ ಅಂತ 3,926 ಪುಟದ ದಾಖಲೆ ವೆಬ್‌ಸೈಟಿಗೆ ಹಾಕಿದರು. ಆ ಊರಿನ ಇಂಟರ್‌ನೆಟ್ಟಿನಲ್ಲಿ ಅದು ಇಳಿಯೋದೇ ಕಷ್ಟ. ಅವರ ಭಾಷೆ ಇನುಕ್ಟಿಟುಟ್‌ಗೆ ತರ್ಜುಮೆ ಆದದ್ದು ಅದರ ಒಂದು ತುಣುಕು.

2017ರ ಜುಲೈ 26ಕ್ಕೆ ಕೆನಡಾದ ಸುಪ್ರೀಂ ಕೋರ್ಟು ಒಮ್ಮತದಿಂದ ಅನುಮತಿ ರದ್ದು ಮಾಡಿತು. ಕಾಗದ ಸುರಿಯೋದು ಸಮಾಲೋಚನೆ ಅಲ್ಲ, ಕೇಳಿದ ಪ್ರಶ್ನೆಗೆ ತಿಳಿಯುವ ಹಾಗೆ ಉತ್ತರ ಕೊಡಬೇಕು ಅನ್ನೋದು ಅದರ ತಿರುಳು.

ತಮಾಷೆ ಏನು ಗೊತ್ತಾ, ಅದೇ ದಿನ ಅದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು, ಒಂಟಾರಿಯೊದ ಒಂದು ಮೂಲನಿವಾಸಿ ಸಮುದಾಯದ ಪೈಪ್‌ಲೈನ್ ಕೇಸು. ಅವರು ಸೋತರು. ಅಲ್ಲಿ ಮೌಖಿಕ ವಿಚಾರಣೆ ನಡೆದಿತ್ತು, ಭಾಗವಹಿಸಲು ಸಮುದಾಯಕ್ಕೆ ಹಣವನ್ನೂ ಕೊಟ್ಟಿದ್ದರು. ಕ್ಲೈಡ್ ರಿವರಿಗೆ ಎರಡೂ ಇರಲಿಲ್ಲ. ಇಲ್ಲಿ ಇದಕ್ಕೆಲ್ಲ ಬುಡ 1982ರ ಸಂವಿಧಾನದ 35ನೇ ಕಲಮು, ಮತ್ತೆ 2004ರ ಹೈಡಾ ಕೇಸು. ಹಕ್ಕು ಕೋರ್ಟಿನಲ್ಲಿ ಸಾಬೀತಾಗುವ ಮೊದಲೇ, ಇರಬಹುದು ಅಂತ ಗೊತ್ತಿದ್ದರೂ ಸಾಕು, ಸರ್ಕಾರ ಹೋಗಿ ಕೇಳಬೇಕು ಅಂತ ಹೈಡಾದಲ್ಲಿ ಹೇಳಿದರು. ಹಾಗಂತ ಬೇಡ ಅಂದರೆ ನಿಲ್ಲಿಸಲೇಬೇಕು ಅಂತ ಹೇಳಲಿಲ್ಲ.

ಬೈತಖೋಲ್ ಬೋಟು

3,926 ಪುಟ! ಅಣ್ಣ, ನಮಗೂ ಅದೇ ಮಾಡೋದು. ವರದಿ ಇಂಗ್ಲಿಷಿನಲ್ಲಿ ಇಷ್ಟು ದಪ್ಪ, ಕನ್ನಡದ ಸಾರಾಂಶ ಕೈಯಲ್ಲಿ ಮಡಚಿ ಜೇಬಿಗೆ ಹಾಕುವಷ್ಟು. ಬಂಗಡೆ ಯಾವ ತಿಂಗಳು ಎಲ್ಲಿ ಬರ್ತದೆ, ಚಿಪ್ಪಿ ಎಲ್ಲಿ ಸಿಗ್ತದೆ, ರಂಪಣಿ ಬಲೆ ಎಲ್ಲಿ ಎಳೀತಿದ್ದರು ಅಂತ ಹುಡುಕಿದರೆ ಸಾರಾಂಶದಲ್ಲಿ ಒಂದು ಸಾಲು: 'ಮೀನುಗಾರಿಕೆಯ ಮೇಲೆ ಗಣನೀಯ ಪರಿಣಾಮವಿಲ್ಲ.' ಗಣನೆ ಮಾಡಿದವ ಒಂದು ದಿನ ಬೋಟು ಹತ್ತಿದ್ದನೋ ಇಲ್ಲವೋ ದೇವರೇ ಬಲ್ಲ.

ಜೋಯಿಡಾ ಮಾಸ್ತರ

ಕೆನಡಾದವರು ಹೇಳಿದ ಹಣದ ವಿಚಾರ ಇಲ್ಲಿ ಯಾರೂ ಎತ್ತೋದೇ ಇಲ್ಲ. ಒಂದು ದಿನದ ಅಹವಾಲು ಸಭೆಗೆ ಜೋಯಿಡಾದ ಒಳಗಿನ ಹಳ್ಳಿಯಿಂದ ಬರಬೇಕಂದರೆ ಕೂಲಿ ಹೋಯ್ತು, ಬಸ್ಸಿಲ್ಲದ ಕಡೆ ಜೀಪಿನ ಬಾಡಿಗೆ ಬೇರೆ.

ಇನ್ನೊಂದು ಸಂಗತಿ. ಹುಲಿ ಸಂರಕ್ಷಿತ ಪ್ರದೇಶದಿಂದ ಸ್ಥಳಾಂತರ. ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪ್ಯಾಕೇಜು, ಸ್ವಯಂಪ್ರೇರಿತ ಅಂತ ಕಾಗದದಲ್ಲಿ ಇರ್ತದೆ. ವನ್ಯಜೀವಿ ಕಾಯ್ದೆಯ 38-ವಿ ಕಲಮಿನಲ್ಲೂ ಗ್ರಾಮಸಭೆಯ ತಿಳಿದು ಕೊಟ್ಟ ಒಪ್ಪಿಗೆ ಬೇಕು ಅಂತಲೇ ಇದೆ. ಸರಿ. ಆದರೆ ರಸ್ತೆ ಮಾಡೋದಿಲ್ಲ, ಕರೆಂಟು ಕೊಡೋದಿಲ್ಲ, ಶಾಲೆಗೆ ಮಕ್ಕಳು ಕಡಿಮೆ ಅಂತ ಬಾಗಿಲು ಹಾಕ್ತಾರೆ, ಗರ್ಭಿಣಿಯನ್ನು ಕಂಬಳಿಯಲ್ಲಿ ಹೊತ್ತು ತರಬೇಕು. ಹತ್ತು ವರ್ಷ ಹೀಗೆ ಇಟ್ಟು ಆಮೇಲೆ 'ಹೋಗ್ತೀರಾ?' ಅಂತ ಕೇಳಿದರೆ ಯಾವ ಗಂಡಸು ಇರ್ತೇನೆ ಅಂತಾನೆ? ಒಪ್ಪಿಗೆ ಕೊಟ್ಟದ್ದು ಖರೆ. ಬೇಕಾಗಿ ಹೋದವರೂ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ, ಮಕ್ಕಳು ಓದಬೇಕಲ್ಲ. ಜಡ್ಜರ ಮುಂದೆ ಬರೋದು ಸಹಿ ಮಾಡಿದ ಕಾಗದ ಮಾತ್ರ. ಅದರ ಹಿಂದಿನ ಹತ್ತು ವರ್ಷ ಅವರಿಗೆ ಕಾಣೋದು ಹೇಗೆ?

ಶಿರಸಿ ವಕೀಲ

ನೋಡಲಿಕ್ಕೆ ಬಂದರೆ ಕಾಣ್ತದೆ. ಇದು ಮಾತಿಗೆ ಹೇಳ್ತಾ ಇಲ್ಲ. ಇಕ್ವೆಡಾರಿನ ಸರಯಾಕು ಅನ್ನೋ ಬುಡಕಟ್ಟಿನ ಕೇಸಿನಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರು 2012ರಲ್ಲಿ ಆ ಕಾಡಿನ ಊರಿಗೇ ಹೋದರು. ಜನರ ಮಾತು ಅಲ್ಲೇ ಕೂತು ಕೇಳಿದರು. ಆ ಕೋರ್ಟಿನ ಚರಿತ್ರೆಯಲ್ಲಿ ಹಾಗೆ ಸ್ಥಳಕ್ಕೆ ಹೋದದ್ದು ಅದೇ ಮೊದಲು. ತೀರ್ಪು ಜನರ ಪರ ಬಂತು.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18, ನಿಯಮ 18ರಂತೆ ಜಡ್ಜರು ತಾವೇ ಸ್ಥಳ ಪರಿಶೀಲನೆ ಮಾಡಬಹುದು. ಆದೇಶ 26ರಂತೆ ಕಮಿಷನರ್ ಕಳಿಸಬಹುದು. ಗಡಿ ತಕರಾರು, ದಾರಿ ತಕರಾರಿಗೆ ದಿನಾ ಕಮಿಷನರ್ ಹೋಗ್ತಾರೆ, ಎರಡು ಅಡಿ ಬೇಲಿ ಅಳೆದು ನಕಾಶೆ ಬರೆದು ತರ್ತಾರೆ. ರಿಟ್ ಅರ್ಜಿಯಲ್ಲಿ ಹೈಕೋರ್ಟಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರ ಇದೆ. ಎರಡಡಿ ಬೇಲಿಗೆ ಕಮಿಷನರ್ ಕೇಳುವ ನಾವು ವಕೀಲರು ಒಂದು ಊರಿನ ಒಪ್ಪಿಗೆ ನಿಜವೋ ಸುಳ್ಳೋ ಅನ್ನೋದಕ್ಕೆ ಯಾಕೆ ಕೇಳೋದಿಲ್ಲ? ಜಡ್ಜರನ್ನು ಮಾತ್ರ ಬೈದು ಪ್ರಯೋಜನ ಇಲ್ಲ.

ಹೊನ್ನಾವರ ಇಂಜಿನಿಯರ್

ನೀವೆಲ್ಲ ಕೋರ್ಟನ್ನು ದೇವಸ್ಥಾನ ಮಾಡಿಬಿಟ್ಟಿರಿ. 2019 ಮರೆತು ಹೋಯ್ತಾ? ಅದೇ ಸುಪ್ರೀಂ ಕೋರ್ಟು ಅರ್ಜಿ ತಿರಸ್ಕಾರ ಆದವರನ್ನೆಲ್ಲ ಒಕ್ಕಲೆಬ್ಬಿಸಿ ಅಂದಿತ್ತಲ್ಲ? ನಮ್ಮ ಚಿಕ್ಕಪ್ಪನ ಅಡಿಕೆ ತೋಟದ ಮೇಲಿನ ಬದಿ ಅತಿಕ್ರಮಣ ಜಾಗ. ಆ ಎರಡು ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಶಿರಸಿ ವಕೀಲ

ಮರೆತಿಲ್ಲ. ಫೆಬ್ರವರಿ 13ಕ್ಕೆ ಆದೇಶ, ಫೆಬ್ರವರಿ 28ಕ್ಕೆ ತಡೆ. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಿರಸ್ಕೃತ ಅರ್ಜಿಗಳ ವಿಚಾರ, ಆ ಕುಟುಂಬಗಳು ಯಾರೂ ಆ ಕೋರ್ಟಿನಲ್ಲಿ ಇರಲಿಲ್ಲ. ತಡೆ ಕೊಡುವಾಗ ಅದೇ ಕೋರ್ಟು ರಾಜ್ಯಗಳನ್ನು ಕೇಳಿದ್ದೇನು? ತಿರಸ್ಕಾರ ಮಾಡುವಾಗ ಸರಿಯಾದ ಕ್ರಮ ಅನುಸರಿಸಿದ್ದೀರಾ ಅಂತ. ಆ ಪ್ರಶ್ನೆಯನ್ನು 13ನೇ ತಾರೀಖಿಗೇ ಕೇಳಿದ್ದರೆ ನಿಮ್ಮ ಚಿಕ್ಕಪ್ಪ ನೆಮ್ಮದಿಯಾಗಿ ಮಲಗ್ತಿದ್ದರು. ಗ್ರಾಮಸಭೆಗೆ ಹೇಳುವ ಮಾತು ಕೋರ್ಟಿಗೂ ಅನ್ವಯ: ಎದುರು ಇಲ್ಲದವರನ್ನು ಕೇಳದೆ ತೀರ್ಮಾನ ಮಾಡಬಾರದು.

ಒಂದು ವಿಷಯದಲ್ಲಿ ಇಂಜಿನಿಯರ್ ಸಾಹೇಬರ ಜೊತೆ ನಾನಿದ್ದೇನೆ. ಒಂದು ಒಳ್ಳೇ ತೀರ್ಪು ಬಂತು ಅಂತ ಮೈಮರೆಯೋ ಹಾಗಿಲ್ಲ. ಅರಣ್ಯ ಜಮೀನು ಯೋಜನೆಗೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ತನ್ನಿ ಅಂತ ಪರಿಸರ ಸಚಿವಾಲಯ 2009ರ ಆಗಸ್ಟಿನಲ್ಲಿ ಸುತ್ತೋಲೆ ಮಾಡಿತ್ತು. 2022ರ ಅರಣ್ಯ ಸಂರಕ್ಷಣಾ ನಿಯಮಗಳಲ್ಲಿ ಆ ಜವಾಬ್ದಾರಿ ರಾಜ್ಯದ ತಲೆಗೆ ಹೋಯ್ತು, ಅದೂ ಕೇಂದ್ರದ ಒಪ್ಪಿಗೆ ಆದ ಮೇಲಿನ ಹಂತಕ್ಕೆ. ಮೇಲಿಂದ ಹೌದು ಅಂತ ಬಂದಮೇಲೆ ಕೆಳಗೆ ಕೇಳೋದು ಅಂದರೆ ಮದುವೆ ಮುಗಿಸಿ ಹುಡುಗಿಯನ್ನು ಒಪ್ಪಿಗೆಯಾ ಅಂತ ಕೇಳಿದ ಹಾಗೆ.

ಮತ್ತೆ ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಬುಡಕಟ್ಟು ನೆಲಕ್ಕೆ ವಿಶೇಷ ರಕ್ಷಣೆ ಇರುವ ಪ್ರದೇಶ, ಒಂದೂ ಇಲ್ಲ. ಒಡಿಶಾ, ಮಹಾರಾಷ್ಟ್ರ, ಆಂಧ್ರದಲ್ಲಿ ಇದೆ. ಬುಡಕಟ್ಟು ನೆಲವನ್ನು ಖಾಸಗಿ ಗಣಿಗೆ ಕೊಡಬೇಡಿ ಅಂದ 1997ರ ಸಮತಾ ತೀರ್ಪು, ಗ್ರಾಮಸಭೆಗೆ ಅಧಿಕಾರ ಕೊಟ್ಟ 1996ರ ಪೇಸಾ ಕಾಯ್ದೆ, ಎರಡೂ ಅಂಥ ಪ್ರದೇಶಗಳಿಗೆ. ನಮ್ಮ ಸಿದ್ದಿ, ಗೊಂಡರು ಪರಿಶಿಷ್ಟ ಪಂಗಡವೇ ಆದರೂ ಅವರ ನೆಲ ಅನುಸೂಚಿತ ಅಲ್ಲ. ಹಾಗಾಗಿ ನಿಯಮಗಿರಿಯನ್ನು ಇಡಿಯಾಗಿ ಎತ್ತಿ ತಂದು ಇಲ್ಲಿ ಇಡಲಾಗದು. ಅದರಲ್ಲಿ ಅರಣ್ಯ ಹಕ್ಕು ಕಾಯ್ದೆಯ ಮೇಲೆ ನಿಂತ ಭಾಗ ಇದೆಯಲ್ಲ, ಅದು ಇಲ್ಲಿಗೂ ಪೂರ್ತಿ ಬರ್ತದೆ. ಕಾಳಿದಂಡೆಯವರ ಮೊದಲ ಪ್ರಶ್ನೆಗೆ ಇದು ಉತ್ತರ.

ಬೆಟ್ಟದಂಚಿನ ಸಿದ್ದಿ

ವಕೀಲರೇ, ಒಂದು ಸಣ್ಣ ಸಂಶಯ. ಸಭೆ ಪಂಚಾಯ್ತಿ ಮಟ್ಟದ್ದಾ, ನಮ್ಮ ಕೇರಿಯದ್ದಾ? ಪಂಚಾಯ್ತಿಯಲ್ಲಿ ಕರೆದರೆ ನಮ್ಮವರು ನೂರಕ್ಕೆ ಹತ್ತು. ಕೈ ಎತ್ತಿಸಿದರೆ ಮುಗೀತು.

ಶಿರಸಿ ವಕೀಲ

ಊರಿನದ್ದು. ಮಜರೆಯೇ ಊರಿನ ಹಾಗಿದ್ದರೆ ಅಲ್ಲಿಯದ್ದು. ಅರಣ್ಯ ಹಕ್ಕಿನ ಸಭೆಯನ್ನು ಪಂಚಾಯ್ತಿ ಮಟ್ಟಕ್ಕೆ ಎತ್ತಬೇಡಿ ಅಂತ 2012ರ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಕೋರಂ ಅರ್ಧ, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಜಾಗದಲ್ಲೇ ಕರೀರಿ ಅಂತ ಬರೆದು ಕೊಡು, ಅರ್ಜಿಗೆ ಸ್ವೀಕೃತಿ ತಗೋ. ವಕೀಲರ ಖರ್ಚಿನ ಚಿಂತೆ ಬೇಡ. ಪರಿಶಿಷ್ಟರಿಗೂ ಹೆಂಗಸರಿಗೂ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ, ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗು. ಅಲ್ಲಿ ಅಧ್ಯಕ್ಷರು ಜಡ್ಜರೇ.

ಬೈತಖೋಲ್ ಬೋಟು

ಎಲ್ಲರಿಗೂ ಉತ್ತರ ಸಿಕ್ಕಿತು, ಸಮುದ್ರ ಉಳೀತು.

ಶಿರಸಿ ವಕೀಲ

ಬಿಟ್ಟಿಲ್ಲ ಬೋಟಣ್ಣ. ನದಿ, ಹೊಳೆ, ಅಳಿವೆಯ ಮೀನಿನ ಹಕ್ಕು ಅರಣ್ಯ ಹಕ್ಕು ಕಾಯ್ದೆಯ 3(1)(ಡಿ)ಯಲ್ಲಿ ಇದೆ, ಗೌಳಿಗರ ಮೇವಿನ ಹಕ್ಕೂ ಅಲ್ಲೇ. ಆದರೆ ಅದು ಅರಣ್ಯವಾಸಿಗಳಿಗೆ. ತೆರೆದ ಕಡಲಿಗೆ ಅಂಥ ಕಾಯ್ದೆ ಇನ್ನೂ ಬಂದಿಲ್ಲ. ನಿಮ್ಮ ಕೈಯಲ್ಲಿ ಇರೋದು 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆಯ ಅಹವಾಲು ಸಭೆ. 30 ದಿನ ಮೊದಲು ಪ್ರಕಟಣೆ, ಸ್ಥಳೀಯ ಭಾಷೆಯಲ್ಲಿ ಸಾರಾಂಶ, ಪೂರ್ತಿ ವಿಡಿಯೋ, ಕೊನೆಗೆ ನಡಾವಳಿಯನ್ನು ಸಭೆಯಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಒಪ್ಪಿಗೆ ಕೇಳುವ ಸಭೆ ಅಲ್ಲ ಅದು, ಆಕ್ಷೇಪ ಕೇಳುವ ಸಭೆ. ಈ ವ್ಯತ್ಯಾಸ ನಮ್ಮ ಕರಾವಳಿಯ ಹೋರಾಟದವರಿಗೇ ಸರಿಯಾಗಿ ಗೊತ್ತಿಲ್ಲ, 'ಸಭೆಯಲ್ಲಿ ವಿರೋಧಿಸಿದೆವು, ಆದರೂ ಕೊಟ್ಟರು' ಅಂತಾರೆ.

ಅದಕ್ಕೇ ಅಲ್ಲಿ ಕೂಗೋದಕ್ಕಿಂತ ಬರೆದು ಕೊಡೋದು ಮುಖ್ಯ. ಬಂಗಡೆ ಯಾವ ತಿಂಗಳು, ಚಿಪ್ಪಿ ಎಲ್ಲಿ, ರಂಪಣಿ ಎಳೆದ ಜಾಗ ಯಾವುದು, ಈಗ ಮೇಲೆ ಬರೆದಿರಲ್ಲ, ಅದನ್ನೇ ಜಾಗದ ಹೆಸರು ಸಮೇತ ಕನ್ನಡದಲ್ಲಿ ಬರೆದು ಕೊಡಿ, ಸೀಲು ಹಾಕಿಸಿಕೊಂಡು ನಕಲು ಇಟ್ಟುಕೊಳ್ಳಿ. ಬರೆದು ಕೊಟ್ಟದ್ದಕ್ಕೆ ಉತ್ತರ ಇಲ್ಲದಿದ್ದರೆ ನ್ಯಾಯಾಧೀಶರ ಮುಂದೆ ಹಿಡಿಯಲಿಕ್ಕೆ ಏನೋ ಒಂದು ಇರ್ತದೆ. ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ, 30 ದಿನದೊಳಗೆ. ಕಾರಣ ಇದ್ದರೆ ಇನ್ನೊಂದು 60 ದಿನ ವಿನಾಯಿತಿ. ಅದು ದಾಟಿದರೆ ಬಾಗಿಲು ಬಂದ್. ನಮಗೆ ಚೆನ್ನೈ ಪೀಠ.

ಬೈತಖೋಲ್ ಬೋಟು

ಚೆನ್ನೈ! ಇಲ್ಲಿಂದ ಗೋವಾಕ್ಕೆ ಹೋಗಲಿಕ್ಕೇ ನಮ್ಮವರು ಎರಡು ದಿನ ಯೋಚನೆ ಮಾಡ್ತಾರೆ.

ಶಿರಸಿ ವಕೀಲ

ಈಗ ವಿಡಿಯೋದಲ್ಲೂ ಕೇಳ್ತಾರೆ. ಮೊದಲು ಬರೆಯೋ ಕೆಲಸ ಆಗಲಿ.

ಕಾಳಿದಂಡೆ

ಬೋಟಣ್ಣ, ನನಗೆ ಟೈಪಿಂಗ್ ಬರ್ತದೆ. ಭಾನುವಾರ ಬಂದರಿನ ಹತ್ತಿರ ಬರ್ತೇನೆ, ನಿಮ್ಮ ಕಡೆಯ ಹಿರಿಯರು ನಾಲ್ಕು ಜನ ಕೂತು ಜಾಗದ ಹೆಸರು ಹೇಳಿದರೆ ಸಾಕು.

ಬೈತಖೋಲ್ ಬೋಟು

ಭಾನುವಾರ ಬೇಡ, ಮಾರ್ಕೆಟ್ ಜೋರು ಇರ್ತದೆ. ಸೋಮವಾರ ಸಂಜೆ ಬನ್ನಿ. ಹುಣ್ಣಿಮೆ ಆಸುಪಾಸು, ಎಷ್ಟೋ ಬೋಟು ದಡದಲ್ಲೇ ಇರ್ತವೆ, ಮುದುಕರೂ ಸಿಗ್ತಾರೆ.